ಆಕಳಿಕೆ ಪುಟ್ಟಿಯ ಕಾಲೇಜು ಪಟ್ಟಿ

ನಮ್ಮ ಬೀದಿಯಲ್ಲಿ ಆ ಹುಡುಗಿಯ ನಿಜವಾದ ಹೆಸರು ಗೊತ್ತಿದ್ದವರು ಕಡಿಮೆ. ಮನೆಯವರಿಗೆ ಅವಳು ಪುಟ್ಟಿ, ಉಳಿದವರಿಗೆಲ್ಲ ಆಕಳಿಕೆ ಪುಟ್ಟಿ. ಹಾಗೆಂದು ಅವಳೇನೂ ನಿದ್ದೆಬಡುಕಿಯಲ್ಲ. ಅವಳಿಗಿದ್ದದ್ದು ಬೇರೆಯವರ ಆಕಳಿಕೆಯ ಹುಚ್ಚು. ಅವಳ ಅಮ್ಮ ಹೆಂಗಸರ ಕೂದಲು ಕತ್ತರಿಸುವ ಅಂಗಡಿ ಇಟ್ಟಿದ್ದಾಳೆ, ನಾನು ಅಲ್ಲಿನ ಕಾಯಂ ಗಿರಾಕಿ. ಕತ್ತರಿ ಕಿವಿಯ ಪಕ್ಕ ಆಡುತ್ತಿರುವಾಗ ತಲೆ ಅಲ್ಲಾಡಿಸದೆ ಕೇಳಿಸಿಕೊಂಡ ಕಥೆ ಇದು.

ಹುಚ್ಚು ಹತ್ತಿದ್ದು ಪುಟ್ಟಿ ತೀರಾ ಚಿಕ್ಕವಳಿದ್ದಾಗ. ಒಂದು ದಿನ ಬೆಳಿಗ್ಗೆ ಕಿಟಕಿಯ ಪಕ್ಕ ಕೂತಿದ್ದ ಅಜ್ಜಿ ಬಾಯಿ ಅಗಲಿಸಿ ಆಕಳಿಸಿದರು. ಅವರನ್ನು ನೋಡಿ ಶೂ ಪಾಲಿಶ್ ಮಾಡುತ್ತಿದ್ದ ಅಪ್ಪ ಆಕಳಿಸಿದ. ಅಪ್ಪನನ್ನು ನೋಡಿ ಅಮ್ಮ. ಕೊನೆಗೆ, ತೆರೆದ ಬಾಗಿಲಾಚೆ ಎದುರುಮನೆಯ ಮೆಟ್ಟಿಲ ಮೇಲೆ ಬಿದ್ದುಕೊಂಡಿದ್ದ ನಾಯಿಯೂ ಬಾಯಿ ತೆರೆಯಿತು. ಯಾಕೆ ಹೀಗೆ ಎಂದು ಪುಟ್ಟಿ ಕೇಳಿದ್ದಕ್ಕೆ ಅಪ್ಪ ನಿದ್ದೆ ಬಂದಿದೆ ಎಂದ. ಈಗ ತಾನೇ ಎದ್ದಿದ್ದೀಯಲ್ಲ ಎಂದು ಅವಳು ಕೇಳಿದಾಗ ಅವನು ಶೂಗೆ ಇನ್ನಷ್ಟು ಪಾಲಿಶ್ ಹಚ್ಚಿದ.

ಅಂದಿನಿಂದ ಮನೆಯಲ್ಲಿ ಯಾರೂ ನೆಮ್ಮದಿಯಾಗಿ ಆಕಳಿಸುವಂತಿರಲಿಲ್ಲ. ಬಾಯಿ ಅರ್ಧ ತೆರೆಯುವಷ್ಟರಲ್ಲಿ ಪುಟ್ಟಿ ಎದುರಿಗೆ ಬಂದು ನಿಂತು ಗಂಟಲೊಳಗೆ ಇಣುಕುತ್ತಿದ್ದಳು. ಸ್ವಲ್ಪ ದೊಡ್ಡವಳಾದ ಮೇಲೆ, ಶಾಲೆಯಿಂದ ಬರುವ ಸಂಜೆಯ ಬಸ್ಸಿನಲ್ಲಿ ಪ್ರಯೋಗ ಶುರುವಾಯಿತು. ಮುಂದಿನ ಸೀಟಿನಲ್ಲಿ ಹಿಂದಕ್ಕೆ ಮುಖ ಮಾಡಿ ಮಂಡಿಯೂರಿ ಕೂರುವುದು, ಬೇಕೆಂದೇ ಒಂದು ದೊಡ್ಡ ಆಕಳಿಕೆ ತೆಗೆಯುವುದು, ಅದು ಎಷ್ಟನೇ ಸಾಲಿನವರೆಗೆ ಹಬ್ಬಿತು ಎಂದು ನೋಡುವುದು. ಒಮ್ಮೆ ಅದು ಕನ್ನಡಿಯಲ್ಲಿ ನೋಡಿದ ಚಾಲಕನಿಗೂ ತಗುಲಿ, ಅವನು ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಬಸ್ಸು ನಿಲ್ದಾಣವನ್ನು ದಾಟಿ ಹೋಗಿತ್ತು. ಮರುದಿನದಿಂದ ಕಂಡಕ್ಟರ್ ಅವಳನ್ನು ಹಿಂದಿನ ಸೀಟಿಗೆ ಅಟ್ಟುತ್ತಿದ್ದ.

ಶಾಲೆಯಲ್ಲಿ ಪಾಠದ ನಡುವೆ ಇಡೀ ತರಗತಿಯನ್ನು ಆಕಳಿಸುವಂತೆ ಮಾಡಿದಳೆಂದು ಮುಖ್ಯೋಪಾಧ್ಯಾಯಿನಿ ಅವಳನ್ನು ಕೋಣೆಗೆ ಕರೆಸಿದರು. ಬೈಯುತ್ತ ಬೈಯುತ್ತ ಅವರೇ ಆಕಳಿಸಿದರು. ಪುಟ್ಟಿ ಜೇಬಿನಿಂದ ಪೆನ್ನು ತೆಗೆದು ಅದನ್ನೂ ಅಂಗೈ ಮೇಲೆ ಬರೆದುಕೊಂಡಳು. ತರಗತಿಗೆ ಆಕಳಿಕೆ ಹಬ್ಬಿಸಿದ್ದಕ್ಕಲ್ಲ, ಹಾಗೆ ಬರೆದುಕೊಂಡದ್ದಕ್ಕೆ ಶಿಕ್ಷೆಯಾಯಿತು.

ಇಷ್ಟಾದರೂ ಹುಡುಗಿ ದಡ್ಡಿಯಲ್ಲ. ಜೀವಶಾಸ್ತ್ರದಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಗಣಿತ ಪರವಾಗಿಲ್ಲ. ಭಾಷೆಯ ಪರೀಕ್ಷೆ ಮಾತ್ರ ದೇವರಿಗೇ ಪ್ರೀತಿ. ನನ್ನ ಮೆಚ್ಚಿನ ಋತು ಎಂಬ ಪ್ರಬಂಧದಲ್ಲಿ, ಯಾವ ಋತುವಿನಲ್ಲಿ ಜನ ಹೆಚ್ಚು ಆಕಳಿಸುತ್ತಾರೆ ಎಂಬುದು ಇನ್ನೂ ತಿಳಿದಿಲ್ಲವಾದ್ದರಿಂದ ಮೆಚ್ಚಲು ಕಾರಣ ಸಾಲದು ಎಂದು ಒಂದೇ ವಾಕ್ಯ ಬರೆದು ಬಂದಿದ್ದಳು.

ಶಾಲೆಯ ಕೊನೆಯ ವರ್ಷ ಎಲ್ಲ ಮಕ್ಕಳೂ ತಾವು ಅರ್ಜಿ ಹಾಕುವ ಕಾಲೇಜುಗಳ ಪಟ್ಟಿ ಕೊಡಬೇಕಿತ್ತು. ಆ ಕೆಲಸ ನೋಡಿಕೊಳ್ಳುತ್ತಿದ್ದ ಟೀಚರು ಬಾಣಂತನದ ರಜೆಯಲ್ಲಿದ್ದರು. ನೀರಿನ ಕೊಳವೆ ಹಾಕಲು ಮೈದಾನ ಅಗೆದಿದ್ದರಿಂದ ಡ್ರಿಲ್ ಮೇಷ್ಟ್ರು ಕೈಕಟ್ಟಿ ಕೂತಿದ್ದರು. ಹೀಗಾಗಿ ಮಕ್ಕಳ ಭವಿಷ್ಯ ಅವರ ಹೆಗಲೇರಿತು. ಅವರು ಪುಟ್ಟಿಯ ಪಟ್ಟಿ ತೆಗೆದು ನೋಡಿದರೆ ಅದರಲ್ಲಿ ಒಂದೇ ಹೆಸರು. ರಾಜಧಾನಿಯ ದೊಡ್ಡ ವಿಜ್ಞಾನ ಸಂಸ್ಥೆ. ಅಲ್ಲಿ ಜನರನ್ನು ಮಲಗಿಸಿ, ತಲೆಗೆ ತಂತಿ ಅಂಟಿಸಿ, ನಿದ್ದೆಯನ್ನು ಅಧ್ಯಯನ ಮಾಡುವ ಪ್ರಯೋಗಾಲಯವಿತ್ತು. ಇಡೀ ದೇಶದ ಮಕ್ಕಳು ಆ ಬಾಗಿಲಿಗೆ ಮುಗಿಬೀಳುತ್ತಿದ್ದರು. ಮೇಷ್ಟ್ರು ಅಪ್ಪ ಅಮ್ಮ ಇಬ್ಬರಿಗೂ ಹೇಳಿ ಕಳಿಸಿದರು.

ಅಪ್ಪ ಲಿಫ್ಟ್ ರಿಪೇರಿ ಮಾಡುವವನು. ಅವನೂ ಬರಿಗೈಲಿ ಬರಲಿಲ್ಲ. ಊರಿನ ಎಷ್ಟೋ ಕಾಲೇಜುಗಳ ಲಿಫ್ಟ್‌ಗಳನ್ನು ಬಲ್ಲವನಾದ್ದರಿಂದ ತನ್ನದೇ ಒಂದು ಪಟ್ಟಿ ತಂದಿದ್ದ. ಎಲ್ಲಕ್ಕಿಂತ ಮೇಲೆ ಬರೆದಿದ್ದ ಕಾಲೇಜನ್ನು ತೋರಿಸಿ, "ಇಲ್ಲಿ ಲಿಫ್ಟ್ ಬಾಗಿಲು ಬೆಣ್ಣೆ ಹಾಗೆ ಮುಚ್ಕೊಳ್ಳುತ್ತೆ ಸರ್. ಆಡಳಿತ ಚೆನ್ನಾಗಿದೆ ಅಂತ ಅದರಲ್ಲೇ ಗೊತ್ತಾಗುತ್ತೆ," ಎಂದ. ಮೇಷ್ಟ್ರು ಅಲ್ಲಿಗೆ ಫೋನ್ ಮಾಡಿ ವಿಚಾರಿಸಿದರು. ಅಲ್ಲಿ ಲೆಕ್ಕಪತ್ರ ಮತ್ತು ಹೋಟೆಲ್ ನಿರ್ವಹಣೆ ಬಿಟ್ಟು ಬೇರೇನೂ ಕಲಿಸುತ್ತಿರಲಿಲ್ಲ.

ಅಮ್ಮನ ಅಳತೆಗೋಲು ಬೇರೆ. ಯಾವ ಕಾಲೇಜಿನ ಹುಡುಗಿಯರ ಕೂದಲು ಬಾಚಣಿಗೆಗೆ ಹಿಡಿ ಹಿಡಿಯಾಗಿ ಬರುತ್ತದೆ ಎಂದು ಅವಳಿಗೆ ಗೊತ್ತಿತ್ತು. ಅಂಥ ಕಾಲೇಜುಗಳನ್ನೆಲ್ಲ ಹೊಡೆದು ಹಾಕಿ, ದಟ್ಟ ಜಡೆಯ ಕಾಲೇಜುಗಳನ್ನು ಉಳಿಸಿಕೊಂಡಿದ್ದಳು. ಓದು ಇವತ್ತಲ್ಲ ನಾಳೆ ಬರುತ್ತದೆ, ಹೋದ ಕೂದಲು ಬರುವುದಿಲ್ಲ ಎಂಬುದು ಅವಳ ವಾದ. ಜೊತೆಗೆ ಬಂದಿದ್ದ ಅಜ್ಜಿ, ಯಾವುದಾದರೂ ಆಗಲಿ, ನೋಡಲು ಬಂದವರಿಗೆ ಗೇಟಿನ ಹತ್ತಿರವೇ ಶೌಚಾಲಯ ಇರಲಿ ಎಂದರು.

ಮೇಷ್ಟ್ರು ಎದ್ದು ಎಲ್ಲರನ್ನೂ ಕಸರತ್ತಿನ ಕೋಣೆಗೆ ಕರೆದೊಯ್ದರು. ಎತ್ತರ ಜಿಗಿತದ ಎರಡು ಕಂಬ ನಿಲ್ಲಿಸಿ, ಅಡ್ಡ ಕಂಬಿಯನ್ನು ಅಪ್ಪನ ಹಣೆಯ ಮಟ್ಟಕ್ಕೆ ಇಟ್ಟು, ಜಿಗಿಯಿರಿ ಎಂದರು. ಅಪ್ಪ ಆಕಾಶಕ್ಕೆ ಏಣಿ ಹಾಕುವವನಲ್ಲ, ಆದರೆ ಹೆಂಡತಿ ಅತ್ತೆ ಇಬ್ಬರೂ ನೋಡುತ್ತಿದ್ದರು. ಓಡಿ ಬಂದು ಜಿಗಿದ. ಕಂಬಿಯ ಜೊತೆಗೆ ಒಂದು ಕಂಬವೂ ಅವನ ಮೈಮೇಲೆ ಬಿತ್ತು. ಆಮೇಲೆ ಮೇಷ್ಟ್ರು ಕಂಬಿಯನ್ನು ಸೊಂಟಕ್ಕೆ ಇಳಿಸಿದರು. ಎರಡು ಸಲ ಬೀಳಿಸಿ ಮೂರನೇ ಸಲ ದಾಟಿದ. ಕೊನೆಗೆ ಮೊಣಕಾಲಿಗೆ ಇಳಿಸಿದಾಗ ಅಜ್ಜಿಯೇ ಸೀರೆ ಎತ್ತಿ ಹಿಡಿದು ದಾಟಿ ಬಂದರು.

"ಪಟ್ಟಿನೂ ಇಷ್ಟೇ," ಎಂದರು ಮೇಷ್ಟ್ರು. "ಹಣೆ ಎತ್ತರದ್ದು ಒಂದೆರಡು ಇರ್ಲಿ, ಆಸೆಗೆ. ಸೊಂಟದ ಎತ್ತರದ್ದು ಜಾಸ್ತಿ ಇರ್ಲಿ. ಮೊಣಕಾಲಿನದ್ದು ಒಂದೆರಡು ಇದ್ದೇ ಇರ್ಬೇಕು. ಆದ್ರೆ ಯಾವುದಕ್ಕೆ ಹೋದ್ರೂ ಹುಡುಗಿ ನಗ್ತಾ ಹೋಗೋ ಹಾಗಿರ್ಬೇಕು. ಅಳ್ತಾ ಹೋಗೋ ಕಾಲೇಜನ್ನ ಪಟ್ಟಿಗೆ ಹಾಕ್ಲೇಬೇಡಿ."

ಪುಟ್ಟಿಗೆ ಈ ಕೊನೆಯ ಮಾತು ಹಿಡಿಸಿತು. ಹಾಗಾದರೆ ಹೋಗಿ ನೋಡಿಯೇ ಬರೆಯುತ್ತೇನೆ ಎಂದಳು. ರಜೆಯ ದಿನಗಳಲ್ಲಿ ತಂದೆ ಮಗಳ ಕಾಲೇಜು ಯಾತ್ರೆ ಶುರುವಾಯಿತು. ಅಪ್ಪ ಲಿಫ್ಟ್ ನೋಡುತ್ತಿದ್ದ, ಮಗಳು ಬಾಯಿಗಳನ್ನು ನೋಡುತ್ತಿದ್ದಳು.

ಮೊಣಕಾಲಿನ ಮಟ್ಟದ ಮೊದಲ ಕಾಲೇಜು ಮನೆಯಿಂದ ಕೂಗಳತೆಯಲ್ಲಿತ್ತು. ಗುಮಾಸ್ತ ಆಕಳಿಸುತ್ತಿದ್ದ, ಕಾವಲುಗಾರ ಆಕಳಿಸುತ್ತಿದ್ದ, ಪಾಠ ಮಾಡುವವರು ಹಲಗೆಯ ಕಡೆ ತಿರುಗಿ ಆಕಳಿಸುತ್ತಿದ್ದರು. ಅಪ್ಪ ಅವಳಿಗೆ ಖುಷಿಯಾಗಿರಬೇಕೆಂದುಕೊಂಡ. ಅವಳ ಮುಖ ಮಾತ್ರ ಸಪ್ಪಗಾಗಿತ್ತು. ನಾನು ಶುರು ಮಾಡುವುದಕ್ಕೆ ಮೊದಲೇ ಎಲ್ಲ ಮುಗಿದಿರುತ್ತದೆ, ಇಲ್ಲಿ ನನಗೇನು ಕೆಲಸ ಎಂದಳು. ಅದರ ಬದಲು ಇನ್ನೊಂದು ಸಣ್ಣ ಕಾಲೇಜು ಸಿಕ್ಕಿತು. ಅಲ್ಲಿನ ಪ್ರಯೋಗಾಲಯದ ಕಿಟಕಿಗಳು ದೊಡ್ಡವು, ಹುಡುಗರು ಕಪ್ಪೆಯೊಂದರ ವಿಷಯಕ್ಕೆ ಜಗಳವಾಡುತ್ತಿದ್ದರು. ಅದನ್ನು ಬರೆದುಕೊಂಡಳು.

ಸೊಂಟದ ಮಟ್ಟದ ಕಾಲೇಜುಗಳಲ್ಲಿ ಒಂದು, ಮೂರು ಬಸ್ಸು ಬದಲಿಸಿ ಹೋಗುವಷ್ಟು ದೂರದಲ್ಲಿತ್ತು. ಲಿಫ್ಟ್ ಕೆಟ್ಟಿದ್ದರಿಂದ ಅಪ್ಪ ಬಾಗಿಲಲ್ಲೇ ಅದಕ್ಕೆ ಸೊನ್ನೆ ಕೊಟ್ಟ. ಮೂರನೇ ಮಹಡಿ ಹತ್ತಿ ಹೋದರೆ ಪ್ರಾಣಿಶಾಸ್ತ್ರದ ಮೇಡಂ ಅಂಗಿಯ ತೋಳು ಮಡಚಿ ಆಮೆಗಳ ತೊಟ್ಟಿ ತೊಳೆಯುತ್ತಿದ್ದರು. ಪುಟ್ಟಿ ತನ್ನ ಬಸ್ಸಿನ ಪ್ರಯೋಗವನ್ನೆಲ್ಲ ಒಂದೇ ಉಸಿರಿಗೆ ಒಪ್ಪಿಸಿ, ತನ್ನ ಆಕಳಿಕೆ ಕಟ್ಟಕಡೆಯ ಸಾಲಿನವರೆಗೂ ಹಬ್ಬಿದ ದಿನದ ಕಥೆ ಹೇಳಿದಳು. ಸಾಮಾನ್ಯವಾಗಿ ಇಷ್ಟು ಕೇಳಿದ ಮೇಲೆ ಜನ ನಗುತ್ತಿದ್ದರು ಇಲ್ಲವೇ ಆಕಳಿಸುತ್ತಿದ್ದರು. ಮೇಡಂ ಎರಡೂ ಮಾಡಲಿಲ್ಲ. ಕೈಲಿದ್ದ ಆಮೆಯನ್ನು ಬಕೆಟ್ಟಿಗೆ ಬಿಟ್ಟು ಕೇಳಿದರು.

"ನೀನು ಆಕಳಿಸದೆ ಸುಮ್ಮನೆ ಕೂತಿದ್ದ ದಿನ ಬಸ್ಸಲ್ಲಿ ಎಷ್ಟು ಜನ ಆಕಳಿಸಿದ್ರಮ್ಮ?"

ಪುಟ್ಟಿ ಬೆರಳು ಮಡಿಸಿ ದಿನಗಳನ್ನು ಲೆಕ್ಕ ಹಾಕಿದಳು. ಅಂಥ ದಿನವೇ ಇರಲಿಲ್ಲ.

"ಸಂಜೆ ಬಸ್ಸಲ್ಲಿ ಎಲ್ಲರಿಗೂ ಸುಸ್ತಾಗಿರುತ್ತಲ್ವಾ? ನೀನಿಲ್ದಿದ್ರೂ ಆಕಳಿಸ್ತಿದ್ರೋ ಏನೋ," ಎಂದು ಹೇಳಿ ಅವರು ಮತ್ತೆ ತೊಟ್ಟಿಯ ಕಡೆ ಬಗ್ಗಿದರು.

ವಾಪಸು ಬರುವಾಗ ಮೂರೂ ಬಸ್ಸಿನಲ್ಲಿ ಅವಳು ತುಟಿ ಬಿಗಿದು ಕೂತಿದ್ದಳು. ಮಗಳಿಗೆ ಅವಮಾನವಾಗಿದೆ ಎಂದುಕೊಂಡು ಅಪ್ಪ, ಕೆಟ್ಟ ಲಿಫ್ಟಿನ ಕಾಲೇಜನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡ ಎಂದು ಸಮಾಧಾನ ಹೇಳಿದ. ಅವಳು ಮಾತಾಡದೆ ಬೆರಳಿನಿಂದ ಜನರನ್ನು ತೋರಿಸಿದಳು. ಎಣಿಸುತ್ತಿದ್ದಳು. ಮನೆಗೆ ಬಂದವಳೇ ಆ ಕಾಲೇಜನ್ನು ಪಟ್ಟಿಗೆ ಸೇರಿಸಿದಳು. ಮುಂದಿನ ಕೆಲವು ವಾರ ಬಸ್ಸಿನಲ್ಲಿ ಆಕಳಿಸದೆ ಕೂರುವುದೇ ಅವಳ ಪ್ರಯೋಗ. ಬಾಯಿಗೆ ಕರವಸ್ತ್ರ ತುರುಕಿಕೊಂಡು ಕೂತ ಹುಡುಗಿಯನ್ನು ಕಂಡು ಯಾರೋ ಹೆಂಗಸು ಹಲ್ಲುನೋವಿಗೆ ಮಾತ್ರೆ ಕೊಟ್ಟರಂತೆ.

ಅರ್ಜಿಗಳು ಹೋದವು. ಹಣೆ ಎತ್ತರದ ಸಂಸ್ಥೆಯಿಂದ ಸಂದರ್ಶನಕ್ಕೆ ಕರೆ ಬಂದಾಗ ಅಮ್ಮ ಅಂಗಡಿಗೆ ಬೀಗ ಹಾಕಿ ಮಗಳ ಕೂದಲು ತಾನೇ ಕತ್ತರಿಸಿದಳು. ಗಾಬರಿಯಲ್ಲಿ ಒಂದು ಕಡೆ ಮೋಟಾಯಿತು, ಅದನ್ನು ಸರಿ ಮಾಡಲು ಹೋಗಿ ಇನ್ನೊಂದು ಕಡೆಯೂ ಮೋಟಾಯಿತು. ಅಲ್ಲಿ ಮಾತ್ರ ಆಕಳಿಸಬೇಡ ಎಂದು ಮೇಷ್ಟ್ರು, ಅಪ್ಪ, ಅಜ್ಜಿ ಒಬ್ಬರಾದ ಮೇಲೆ ಒಬ್ಬರು ಬುದ್ಧಿ ಹೇಳಿದರು. ಪುಟ್ಟಿ ಪಾಪ, ಅಕ್ಷರಶಃ ಪಾಲಿಸಿದಳು.

ಉದ್ದ ಮೇಜಿನ ಆಚೆ ಮೂವರು ಪ್ರಾಧ್ಯಾಪಕರು ಕೂತಿದ್ದರು. ಊಟವಾಗಿ ಸ್ವಲ್ಪ ಹೊತ್ತಾಗಿತ್ತು. ನಿನ್ನ ಆಸಕ್ತಿ ಯಾವುದು ಎಂದು ನಡುವಿನವರು ಕೇಳಿದರು. ಅವಳು ಆಕಳಿಕೆ ಎಂದಳು, ಅಷ್ಟೇ. ಆ ಪದ ಕಿವಿಗೆ ಬಿದ್ದದ್ದೇ ತಡ, ಎಡಗಡೆಯವರು ಕೈ ಅಡ್ಡ ಹಿಡಿದರು. ನಡುವಿನವರು ನೀರು ಕುಡಿಯುವ ನೆಪದಲ್ಲಿ ಲೋಟದೊಳಗೇ ಆಕಳಿಸಿ ಕೆಮ್ಮಿದರು. ಬಲಗಡೆಯವರು ದವಡೆ ಬಿಗಿಹಿಡಿದು ಹೋರಾಡಿದರು, ಕಣ್ಣಲ್ಲಿ ನೀರು ಬಂತು. ಆ ಕಣ್ಣೀರನ್ನು ನೋಡಿ ಪುಟ್ಟಿಗೆ ನಗು ತಡೆಯಲಾಗಲಿಲ್ಲ. ನಕ್ಕಳು, ಕ್ಷಮೆ ಕೇಳಿದಳು, ಮತ್ತೆ ನಕ್ಕಳು. ಆಮೇಲೆ ಬಂದ ರಸಾಯನಶಾಸ್ತ್ರದ ಪ್ರಶ್ನೆಗಳಿಗೆ ಒಂದಕ್ಕೂ ನೆಟ್ಟಗೆ ಉತ್ತರ ಬರಲಿಲ್ಲ.

ಸಂಸ್ಥೆ ಅವಳನ್ನು ತೆಗೆದುಕೊಳ್ಳಲಿಲ್ಲ. ಅದು ಗೊತ್ತಾದ ದಿನ ಅವಳು ಅತ್ತಳು, ಚೆನ್ನಾಗಿಯೇ ಅತ್ತಳು. ಅಜ್ಜಿ ತಮ್ಮ ಹಾಸಿಗೆಯಲ್ಲಿ ಜಾಗ ಮಾಡಿಕೊಟ್ಟು ಪಕ್ಕದಲ್ಲಿ ಮಲಗಿಸಿಕೊಂಡರು. ಅಪ್ಪ ಆ ಸಂಸ್ಥೆಯ ಲಿಫ್ಟನ್ನು ಒಂದು ದಿನವೂ ನೋಡದೆ ಬಾಯಿಗೆ ಬಂದಂತೆ ಬೈದ. ಒಂದು ವಾರ ಕಳೆಯುವಷ್ಟರಲ್ಲಿ ಉಳಿದ ಕಡೆಗಳಿಂದ ಉತ್ತರ ಬಂತು. ಕಪ್ಪೆಯ ಜಗಳದ ಕಾಲೇಜು ಬಾ ಎಂದಿತ್ತು. ಆಮೆಗಳ ಕಾಲೇಜೂ ಬಾ ಎಂದಿತ್ತು. ಮೇಷ್ಟ್ರು ಕರೆದು ಯಾವುದಕ್ಕೆ ಹೋಗುತ್ತೀ ಎಂದು ಕೇಳಿದರೆ ಅವಳು ಯೋಚಿಸಲೇ ಇಲ್ಲ.

"ಆಮೆಗಳ ಕಾಲೇಜಿಗೇ ಸರ್. ಆ ಮೇಡಂಗೆ ಉತ್ತರ ಕೊಡೋದು ಬಾಕಿ ಇದೆ."

ಈಗ ಅವಳದು ಎರಡನೇ ವರ್ಷ. ಹಾಸ್ಟೆಲಿನಲ್ಲಿದ್ದಾಳೆ. ಮೊದಲ ಆರು ತಿಂಗಳು ಮೇಡಂ ಅವಳಿಂದ ತೊಟ್ಟಿ ತೊಳೆಸಿದರು, ಆಮೆಗಳನ್ನು ತೂಗಿಸಿದರು, ಅಂಕಿಸಂಖ್ಯೆಯ ಪಾಠ ಓದಿಸಿದರು. ಆಮೇಲೆ ಬಸ್ಸಿನ ಲೆಕ್ಕವನ್ನು ಮೊದಲಿಂದ ಮಾಡಿಸಿದರು. ಆಕಳಿಕೆ ಹಬ್ಬುವುದೇನೋ ನಿಜವೆಂದು ತೋರಿತು, ಆದರೆ ಪುಟ್ಟಿ ಇಷ್ಟು ವರ್ಷ ನಂಬಿಕೊಂಡಿದ್ದರಲ್ಲಿ ಅರ್ಧದಷ್ಟೂ ಅಲ್ಲ. ಉಳಿದದ್ದು ಬರೀ ಸಂಜೆಯ ಸುಸ್ತು.

ಇದನ್ನು ಹೇಳಲು ಅವಳು ಫೋನ್ ಮಾಡಿದಾಗ ನಾನು ಕತ್ತಿಗೆ ಬಟ್ಟೆ ಕಟ್ಟಿಸಿಕೊಂಡು ಅದೇ ಅಂಗಡಿಯ ಕುರ್ಚಿಯಲ್ಲಿದ್ದೆ. ಆ ಕಡೆಯಿಂದ ಬರುತ್ತಿದ್ದ ಉತ್ಸಾಹದ ದನಿ ನನಗೂ ಕೇಳಿಸುತ್ತಿತ್ತು. ಅಮ್ಮ ಕತ್ತರಿ ಹಿಡಿದ ಕೈಯನ್ನು ಗಾಳಿಯಲ್ಲೇ ನಿಲ್ಲಿಸಿಕೊಂಡು ಬಹಳ ಹೊತ್ತು ಹೂಂಗುಟ್ಟಿದಳು. ಫೋನ್ ಇಟ್ಟ ಮೇಲೆ ಕನ್ನಡಿಯಲ್ಲಿ ನನ್ನ ಮುಖ ನೋಡಿದಳು.

"ತಾನು ಅಂದ್ಕೊಂಡಿದ್ದು ತಪ್ಪಾಯ್ತಂತೆ ಕಣ್ರೀ," ಎಂದಳು. "ಅದಕ್ಕೆ ಅಷ್ಟು ಖುಷಿ. ಇಂಥದಕ್ಕೆ ಶಭಾಷ್ ಅನ್ಬೇಕೋ ಸಮಾಧಾನ ಹೇಳ್ಬೇಕೋ ನಂಗಂತೂ ಗೊತ್ತಾಗ್ಲಿಲ್ಲ. ಊಟ ಮಾಡಿದ್ಯಾ ಅಂತ ಕೇಳ್ದೆ."