ಆ ಕೂಸು ನನ್ನ ಕೈಯಲ್ಲಿ, ನನ್ನ ಕೂಸು ಮಲ್ಲಯ್ಯನ ಕೈಯಲ್ಲಿ

ಕಳೆದ ಶ್ರಾವಣದ ಎರಡನೆಯ ಸೋಮವಾರ ಮಧ್ಯಾಹ್ನ ನಾನು ಲಿಂಗಸುಗೂರಿನ ಒಂದು ಖಾಸಗಿ ಆಸ್ಪತ್ರೆಯ ಹೆರಿಗೆ ಕೋಣೆಯಲ್ಲಿ, ಕಿಟಕಿಗೆ ಬೆನ್ನು ಮಾಡಿ, ಮಂಚದ ಕಾಲ ಬದಿಗೆ ನಿಂತಿದ್ದೆ. ಕೈಗೆ ಗ್ಲೌಸ್ ಹಾಕಿದ್ದೆ. ಕೂಸಿನ ತಲೆ ಕಾಣತೊಡಗಿತ್ತು. ಆಗ ಮೇಜಿನ ಮೇಲಿದ್ದ ನನ್ನ ಫೋನು ಹೊಡೆದುಕೊಂಡಿತು.

ನಮ್ಮ ಮಸ್ಕಿ ಬೆಟ್ಟದ ದೇವರು ಮಲ್ಲಯ್ಯನನ್ನು ನಂಬಿದ ನಿಮ್ಮ ಮುಂದೆ ಒಂದು ಮಾತು ಮೊದಲೇ ಹೇಳುತ್ತೇನೆ. ಕಂಡದ್ದನ್ನು ಕಂಡೆನೆಂದೂ ಕೇಳಿದ್ದನ್ನು ಕೇಳಿದೆನೆಂದೂ ಬರೆಯುತ್ತೇನೆ. ಹೆಚ್ಚು ಸೇರಿಸುವುದಿಲ್ಲ.

ನಮ್ಮ ಮನೆ ಮಸ್ಕಿಯ ಬಸ್ ನಿಲ್ದಾಣದ ಹಿಂದೆ. ನಾನು ಮೊದಲು ದರ್ಜಿ ಕೆಲಸ ಮಾಡುತ್ತಿದ್ದೆ. ಕುಪ್ಪಸ ಹೊಲಿಯುತ್ತಿದ್ದೆ, ಕೂಸುಗಳ ತಲೆ ಬೆನ್ನು ಮುಚ್ಚುವ ಕುಂಚಿಗೆ ಹೊಲಿಯುತ್ತಿದ್ದೆ. ಮೂವತ್ತು ದಾಟಿದ ಮೇಲೆ, ಎರಡು ಮಕ್ಕಳಾದ ಮೇಲೆ, ಸಿಂಧನೂರಿಗೆ ಬಸ್ಸಿನಲ್ಲಿ ಓಡಾಡಿ ನರ್ಸಿಂಗ್ ಕಲಿತೆ. ಮಕ್ಕಳನ್ನು ಅತ್ತೆ ನೋಡಿಕೊಂಡರು. ಗಂಡ ಸಿಂಧನೂರಿನ ಅಕ್ಕಿ ಗಿರಣಿಯಲ್ಲಿ ಹಮಾಲಿ. ಕೆಲಸ ಸಿಕ್ಕಿದ್ದು ಲಿಂಗಸುಗೂರಿನಲ್ಲಿ. ರಜೆಯ ದಿನ ಈಗಲೂ ಕುಂಚಿಗೆ ಹೊಲಿಯುತ್ತೇನೆ. ಆ ಸೋಮವಾರ ಚಿಕ್ಕ ಮಗಳು ಭಾಗ್ಯಾ ನೆಗಡಿಯಾಗಿ ಶಾಲೆಗೆ ಹೋಗಿರಲಿಲ್ಲ. ಹೋಗಬೇಡವೆಂದು ಅಳುತ್ತಿದ್ದವಳನ್ನು ಬಿಡಿಸಿಕೊಂಡು ಬಂದಿದ್ದೆ.

ಆಯಾ ಖಾಜಾಬಿ ಫೋನನ್ನು ನನ್ನ ಕಿವಿಗೆ ಹಿಡಿದಳು. ಅತ್ತೆಯ ದನಿ.

“ಶಾಂತಾ, ಭಾಗ್ಯಾ ಕಾಣವಲ್ಲಳವ್ವಾ. ಓಣಿಯೆಲ್ಲಾ ಹುಡುಕೀವಿ. ಅವ್ವನ ಕಡೆ ಹೊಕ್ಕೀನಿ ಅಂತ ಹಟ ಮಾಡಾಕತ್ತಿದ್ಲು. ನಿನ್ನ ಗಂಡ ಸಿಂಧನೂರಾಗ ಬಸ್ ಸ್ಟ್ಯಾಂಡಿನಾಗ ನಿಂತಾನ, ಅಲ್ಲೂ ಬಂದಿಲ್ಲಂತ.”

ಅತ್ತೆ ಅಳುತ್ತಿದ್ದರು. ಹಳ್ಳದ ಕಡೆ ನೋಡಿದಿರಾ ಎಂದು ಕೇಳಲು ನನಗೆ ಧೈರ್ಯವಾಗಲಿಲ್ಲ.

ಡಾಕ್ಟರಮ್ಮ ಪಕ್ಕದ ಕೋಣೆಯಲ್ಲಿ ಇನ್ನೊಬ್ಬಳ ಹೊಟ್ಟೆ ಕೊಯ್ದು ಹೆರಿಗೆ ಮಾಡಿಸುತ್ತಿದ್ದರು. ಅಲ್ಲಿಂದ ಬರುವಂತಿರಲಿಲ್ಲ.

“ಹೋಗ್ರೀ ಸಿಸ್ಟರ್, ನಾ ನಿಂದ್ರತೀನಿ,” ಎಂದಳು ಖಾಜಾಬಿ. ಆಕೆಗೆ ಹೆರಿಗೆ ಮಾಡಿಸಲು ಬರುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

ನಾನು ಒಂದು ಹೆಜ್ಜೆ ಹಿಂದೆ ಸರಿದೆ. ಇದು ನಿಜ. ಮಂಚದ ಮೇಲಿದ್ದ ರೇಣುಕಾ ನನ್ನ ಮುಂಗೈ ಹಿಡಿದಳು. ಮಸ್ಕಿಯವಳೇ, ಚೊಚ್ಚಲು.

“ಅಕ್ಕಾ, ಬಿಟ್ಟು ಹೋಗಬ್ಯಾಡ. ನಮ್ಮವ್ವನೂ ಇಲ್ಲ.”

ಆಕೆಯ ತಾಯಿ ಹನುಮವ್ವ ಬೆಳಿಗ್ಗೆ ಮಗಳನ್ನು ಸೇರಿಸಿ, ಕುಂಚಿಗೆ ತರಲು ಮಸ್ಕಿಗೆ ಮರಳಿದ್ದಳು. ನಮ್ಮ ಕಡೆ ಹುಟ್ಟುವ ಮೊದಲೇ ಕೂಸಿಗೆಂದು ಬಟ್ಟೆ ತೆಗೆದಿಡುವುದಿಲ್ಲ. ನೋವು ಶುರುವಾದ ಮೇಲೆಯೇ, ಮಕ್ಕಳು ಚೆನ್ನಾಗಿ ಬೆಳೆದ ಮನೆಯಿಂದ ಹಳೆಯ ಕುಂಚಿಗೆ ಕೇಳಿ ತರುತ್ತಾರೆ. “ಮಗಳನ್ನ ಇಲ್ಲಿ ಮಲಗಿಸಿ ಅರಿವಿ ತರಾಕ ಹೋಗ್ಯಾಳಲ್ಲ ಈ ಮುದುಕಿ!” ಎಂದು ಖಾಜಾಬಿ ಆಗಲೇ ಬೈದಿದ್ದಳು. ನನಗೂ ಸಿಟ್ಟು ಬಂದಿತ್ತು.

ನಾನು ಕಣ್ಣು ಮುಚ್ಚಲಿಲ್ಲ, ಕೈ ಮುಗಿಯಲೂ ಆಗಲಿಲ್ಲ. ಬಾಯಿಬಿಟ್ಟೇ ಅಂದೆ: “ಮಲ್ಲಯ್ಯಾ, ಈ ಕೂಸನ್ನ ನಾ ಹಿಡೀತೀನಿ. ನನ್ನ ಕೂಸನ್ನ ನೀ ಹಿಡಿ.” ಖಾಜಾಬಿ “ಆಮೀನ್” ಅಂದಳು.

ತಲೆ ಹೊರಬಂದಾಗ ಹೊಕ್ಕುಳಬಳ್ಳಿ ಕೊರಳಿಗೆ ಸುತ್ತಿಕೊಂಡಿತ್ತು. ಬೆರಳು ತೂರಿಸಿ ತಲೆಯ ಮೇಲಿಂದ ಜಾರಿಸಿದೆ. ಹೆಣ್ಣುಕೂಸು. ನೀಲಿಗಟ್ಟಿತ್ತು, ಅಳಲಿಲ್ಲ. ಬಾಯಿ ಮೂಗು ಸ್ವಚ್ಛ ಮಾಡಿ ಒಣಬಟ್ಟೆಯಿಂದ ಬೆನ್ನು ಉಜ್ಜಿದೆ. ಉಜ್ಜುತ್ತಲೇ ಇದ್ದೆ. ಯಾವ ಕೂಸಿನ ಹೆಸರು ಹಿಡಿದು ಕರೆಯುತ್ತಿದ್ದೆನೋ ನನಗೆ ತಿಳಿಯದು. “ಭಾಗ್ಯಾ, ಭಾಗ್ಯಾ” ಅನ್ನುತ್ತಿದ್ದೆನೆಂದು ಆಮೇಲೆ ರೇಣುಕಾ ಹೇಳಿದಳು. ಕೊನೆಗೆ ಕೂಸು ಬಿಕ್ಕಿ, ಕೆಮ್ಮಿ, ಕಿರುಚಿತು.

ಅದನ್ನು ತಾಯಿಯ ಎದೆಯ ಮೇಲೆ ಮಲಗಿಸುತ್ತಿರುವಾಗ ಬಾಗಿಲು ತೆರೆಯಿತು. ಹನುಮವ್ವ. ಕಂಕುಳಲ್ಲಿ ಕುಂಚಿಗೆ. ಆಕೆಯ ಸೆರಗು ಹಿಡಿದು, ಮೂಗು ಸುರಿಸಿಕೊಂಡು, ನನ್ನ ಭಾಗ್ಯಾ.

“ಈಕಿ ಯಾರ ಮಗಳ್ರೀ?” ಹನುಮವ್ವ ಕೇಳಿದಳು. “ಬಸ್ ಇಳಿದ ಮ್ಯಾಲೆ ನನ್ನ ಸೆರಗು ಬಿಡವಲ್ಲಳು. ನಿಮ್ಮವ್ವ ಎಲ್ಲಿ ಅದಾಳ ಅಂದ್ರ, ಕೂಸು ಹುಟ್ಟೋ ಕಡೆ ಅಂತಾಳ!”

ಬಸ್ಸಿನಲ್ಲಿ ನಡೆದದ್ದನ್ನು ನಾನು ಕಂಡಿಲ್ಲ, ಕೇಳಿದ್ದೇನೆ. ಹೆಣ್ಣುಮಕ್ಕಳಿಗೆ ಟಿಕೆಟ್ಟಿನ ದುಡ್ಡಿಲ್ಲ. ಮಗು ಹನುಮವ್ವನದೆಂದು ಕಂಡಕ್ಟರ್ ತಿಳಿದ, ಹಿಂದಿನ ಸೀಟಿನವಳದೆಂದು ಹನುಮವ್ವ ತಿಳಿದಳು.

“ಯಾಕ ಬಂದಿ ಬೇ? ಯಾರು ಹೇಳಿದ್ರು ನಿನಗ?” ಎಂದೆ. ಗ್ಲೌಸ್ ಕಳಚುವ ಮೊದಲೇ ಅವಳ ಮುಂದೆ ನೆಲಕ್ಕೆ ಕುಳಿತಿದ್ದೆ.

“ನೀನ ಹೇಳಿದ್ದಿ. ಕುಂಚಿಗಿ ಹೊಲಿವಾಗ, ಇದು ಕೂಸು ಹುಟ್ಟೋ ಕಡೆ ಹೊಕ್ಕೈತಿ ಅಂತ. ಬಸ್ ಸ್ಟ್ಯಾಂಡಿನಾಗ ಈ ಅಜ್ಜಿ ಕೈಯಾಗ ಕುಂಚಿಗಿ ಇತ್ತು. ಅದಕ್ಕ ಹಿಂದ ಬಂದೆ.”

ಖಾಜಾಬಿ ಅಳುತ್ತಲೇ ನಕ್ಕಳು. “ಅರೆ ಮುದುಕಿ, ಬೈದಿದ್ದು ಮಾಫ್ ಮಾಡಬೇ. ಇನ್ನೊಂದು ಅರಿವಿ ಬೇಕಾದ್ರೂ ಹೋಗಿ ತಾ.”

ನಾನು ಆ ಕೋಣೆ ಬಿಟ್ಟು ಹೊರಟಿದ್ದರೆ ನನ್ನ ಬಸ್ಸು ಮಸ್ಕಿಯ ಕಡೆಗೆ ಓಡುತ್ತಿತ್ತು, ಮಗಳು ಇತ್ತ ಬರುತ್ತಿದ್ದಳು. ಕೂಸಿನ ಕೊರಳ ಬಳ್ಳಿ ಬಿಡಿಸಲು ಯಾರೂ ಇರುತ್ತಿರಲಿಲ್ಲ. ಇದು ಕಾಕತಾಳೀಯ ಎಂದು ನನ್ನ ಮೈದುನ ಹೇಳುತ್ತಾನೆ. ನಾನು ವಾದ ಮಾಡುವುದಿಲ್ಲ. ಬೇಡಿದ್ದೆ, ಮಲ್ಲಯ್ಯ ಹಿಡಿದ, ತಂದು ನನ್ನ ಬಾಗಿಲಲ್ಲೇ ಬಿಟ್ಟ. ಈಗ ಡ್ಯೂಟಿಗೆ ಹೊರಡುವಾಗ ಮಕ್ಕಳ ಕೆನ್ನೆ ಮುಟ್ಟಿ, ಬೆಟ್ಟದ ಕಡೆಗೊಮ್ಮೆ ನೋಡಿ ಬಸ್ಸು ಹತ್ತುತ್ತೇನೆ. ಎದೆ ಹಗುರವಿರುತ್ತದೆ.

ಇದನ್ನು ಕಂಡವರು ಇದ್ದಾರೆ. ಖಾಜಾಬಿ ಅದೇ ಆಸ್ಪತ್ರೆಯಲ್ಲಿದ್ದಾಳೆ. ಹನುಮವ್ವ, ರೇಣುಕಾ ಮಸ್ಕಿಯಲ್ಲಿದ್ದಾರೆ. ಹೋಗಿ ಕೇಳಬಹುದು. ಆ ಕೋಣೆಯಲ್ಲಿ ಇನ್ನೊಬ್ಬಳೂ ಇದ್ದಳು, ಆಗಷ್ಟೇ ಕಣ್ಣು ಬಿಟ್ಟವಳು. ಆಕೆಗೀಗ ಎರಡು ಹಲ್ಲು ಬಂದಿವೆ.