ಕಚ್ಚಿ ಕುಡಿಯುವ ಲೋಟ

ನಮ್ಮ ಸೋದರಮಾವ ಶ್ರೀಹರಿ ರಮ್ಮನ್ನೂ ಎತ್ತಿಯೇ ಕುಡಿಯುತ್ತಿದ್ದರು. ಲೋಟ ತುಟಿಗೆ ತಾಗಬಾರದು. ಮುಖ ಮೇಲೆ ಮಾಡಿ, ಗೇಣುದ್ದ ಎತ್ತರದಿಂದ ಗಂಟಲಿಗೆ ಸುರಿದುಕೊಳ್ಳುವುದು. ಮಲ್ಲೇಶ್ವರಂನ ಅಯ್ಯಂಗಾರ್ ಮನೆಯಲ್ಲಿ ಹುಟ್ಟಿ, ವಿಮಾ ಕಚೇರಿಯಲ್ಲಿ ಗುಮಾಸ್ತರಾಗಿ, ಶನಿವಾರ ಸಂಜೆ ಸಂಪಿಗೆ ರಸ್ತೆಯ ಹಿಂದಿನ ಬಾರಿಗೆ ಹೋಗುತ್ತಿದ್ದ ಮನುಷ್ಯ ಆಚಾರವನ್ನೆಲ್ಲ ಗಾಳಿಗೆ ತೂರಿ ಇದೊಂದನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದರು. "ಕುಡಿಯೋದು ನನ್ನ ಕರ್ಮ. ಕಂಡೋರ ಎಂಜಲು ಯಾಕೆ ಕಚ್ಚಲಿ?" ಎನ್ನುತ್ತಿದ್ದರು. ಬಾರಿನವರು ನಗುತ್ತಿದ್ದರು. ಒಮ್ಮೊಮ್ಮೆ ಜೊತೆಗೆ ಹೋಗುತ್ತಿದ್ದ ನನಗೆ ಮಾತ್ರ ಮೈ ಉರಿಯುತ್ತಿತ್ತು. ಕಂಡೋರು ಎಂದರೆ ಯಾರು ಎಂಬುದು ನಮ್ಮ ಮನೆಗಳಲ್ಲಿ ಎಲ್ಲರಿಗೂ ಗೊತ್ತಿತ್ತು.

ಇಂಥವರ ಒಬ್ಬಳೇ ಮಗಳು ಸುಪ್ರಜಾ 2004ರಲ್ಲಿ ಅಮರ್‌ನನ್ನು ಮದುವೆಯಾಗುತ್ತೇನೆ ಎಂದಳು. ಅವಳು ಲೆಕ್ಕ ಬರೆಯುತ್ತಿದ್ದ ದೊಡ್ಡ ಹೋಟೆಲಿನಲ್ಲೇ ಅವನು ಬಾರಿನ ಕೆಲಸಕ್ಕಿದ್ದ. ಶ್ರೀರಾಂಪುರದ ದಲಿತರ ಮನೆಯ ಹುಡುಗ. ಅಪ್ಪ ಬೈರಯ್ಯ ರೈಲ್ವೆಯಲ್ಲಿದ್ದವರು, ಮನೆಯಲ್ಲಿ ಬುದ್ಧನ ಪಟ. ಮಾವ ಹ್ಞೂಂ ಎನ್ನಲಿಲ್ಲ, ಊಹೂಂ ಎನ್ನಲೂ ಇಲ್ಲ.

"ಅಪ್ಪ ಬೇಡ ಅಂದ್ರೆ ಓಡಿಹೋಗಲ್ಲ. ಆದ್ರೆ ಇನ್ಯಾರನ್ನೂ ಮಾಡ್ಕೊಳಲ್ಲ" ಎಂದು ಸುಪ್ರಜಾ ನನ್ನ ಹತ್ತಿರ ಹೇಳಿ ಅತ್ತಿದ್ದಳು. ಅವಳು ಮಾತಿಗೆ ತಪ್ಪುವವಳಲ್ಲ, ಅದೇ ನನ್ನ ಭಯ.

ಕೊನೆಗೊಂದು ದಿನ ಮಾವ ಪೇಪರಿನಿಂದ ತಲೆ ಎತ್ತದೆ ಮಗಳಿಗೆ, "ಏನೇನೋ ಕಲಸಿ ಕೊಡ್ತಾನಂತಲ್ಲ ನಿನ್ನ ಹುಡುಗ, ಭಾನುವಾರ ಬರಕ್ಕೆ ಹೇಳು. ನೋಡೋಣ" ಎಂದರು.

ಆ ಭಾನುವಾರ ಸುಪ್ರಜಾ ಕರೆದಳೆಂದು ನಾನೂ ಹೋಗಿದ್ದೆ. ಅಮರ್ ಟಕೀಲಾ ಬಾಟಲಿ, ಸೋಡಾ, ಎರಡು ಗಾಜಿನ ಲೋಟ ಹಿಡಿದು ಬಂದ. ಮಾವನ ಮನೆಯಲ್ಲಿದ್ದವೆಲ್ಲ ಸ್ಟೀಲಿನವು. ಬಾಟಲಿ ಅಡುಗೆಮನೆಯ ಹೊಸ್ತಿಲು ದಾಟಕೂಡದು ಎಂದು ಅಪ್ಪಣೆ ಮಾಡಿದ್ದ ರಂಗನಾಯಕಿ ಅತ್ತೆ, ಅವನು ಹೇಳಿಕಳಿಸಿದ್ದ ಚಕ್ಕೋತ ಹಣ್ಣುಗಳನ್ನಿಟ್ಟುಕೊಂಡು ತಾವೇ ಹಾಲಿಗೆ ಬಂದು ಸುಲಿಯಲು ಕೂತರು.

"ಹೋಟೆಲಲ್ಲಿ ಗ್ರೇಪ್‌ಫ್ರೂಟ್ ಹಾಕ್ತೀವಿ ಅಮ್ಮ. ಅಂಗಡೀಲಿ ಸಿಗಲ್ಲ. ಚಕ್ಕೋತ ಅದರ ದೊಡ್ಡಣ್ಣ ಇದ್ದಂಗೆ" ಎಂದ ಅಮರ್. ತೊಳೆಗಳನ್ನು ಹಿಂಡಿ ರಸ ತೆಗೆದ. ನಿಂಬೆಹೋಳಿನಿಂದ ಲೋಟದ ಅಂಚು ಒರೆಸಿ, ತಟ್ಟೆಯಲ್ಲಿದ್ದ ಉಪ್ಪಿನ ಮೇಲೆ ಬೋರಲು ಹಾಕಿ ತಿರುಗಿಸಿದ. ಐಸು, ಟಕೀಲಾ, ರಸ, ಒಂದಿಷ್ಟು ಸಕ್ಕರೆ, ಮೇಲೆ ಸೋಡಾ.

ಮಾವ ಲೋಟ ತೆಗೆದುಕೊಂಡು ಅಭ್ಯಾಸದಂತೆ ಮುಖ ಮೇಲೆತ್ತಿದರು.

"ಸರ್, ಎತ್ತಿ ಕುಡಿದ್ರೆ ಅದು ಬರೀ ಕಹಿ" ಎಂದ ಅಮರ್ ಮೆತ್ತಗೆ. "ಉಪ್ಪು ಅಂಚಲ್ಲಿದೆ. ಕಚ್ಚಿ ಕುಡೀಬೇಕು."

ಎತ್ತಿದ ಲೋಟ ಅಲ್ಲೇ ನಿಂತಿತು. ಅತ್ತೆ ಎರಡನೇ ಹಣ್ಣು ಸುಲಿಯುವುದನ್ನು ನಿಲ್ಲಿಸಿದರು.

"ಲೋಟ ಎಲ್ಲೀದು?" ಮಾವ ಕೇಳಿದರು.

ಹೊಸದು ಎನ್ನಬಹುದಿತ್ತು. ಹಾಗನ್ನು ಎಂದು ಸುಪ್ರಜಾಳ ಕಣ್ಣು ಗೋಗರೆಯುತ್ತಿತ್ತು. ನಾನೂ ಮನಸ್ಸಿನಲ್ಲಿ ಅದನ್ನೇ ಬೇಡಿಕೊಳ್ಳುತ್ತಿದ್ದೆ.

"ನಮ್ಮನೇದು ಸರ್. ಅಪ್ಪ ದಿನಾ ನೀರು ಕುಡಿಯೋದು ಇದರಲ್ಲೇ."

ಮಾವ ಅವನನ್ನೇ ನೋಡಿದರು. ಆಮೇಲೆ ಲೋಟ ಇಳಿಸಿ, ಉಪ್ಪಿನ ಅಂಚಿಗೆ ತುಟಿ ಹಚ್ಚಿದರು. ಜನ್ಮದಲ್ಲಿ ಕಚ್ಚಿ ಕುಡಿದು ಗೊತ್ತಿಲ್ಲದ ಮನುಷ್ಯ, ಅರ್ಧ ಬಾಯಿಗೆ ಹೋಯಿತು, ಅರ್ಧ ಗಲ್ಲದಿಂದ ಇಳಿದು ಅಂಗಿಯ ಮೇಲೆ ಚೆಲ್ಲಿತು. ನಮ್ಮಲ್ಲಿ ಯಾರಿಗೂ ನಗು ಬರಲಿಲ್ಲ. ನನಗಂತೂ ಅಂದು ಮೊದಲ ಸಲ ಅವರ ಮೇಲೆ ಪ್ರೀತಿ ಉಕ್ಕಿ ಬಂತು. ಅವರು ನಿಲ್ಲಿಸದೆ ಪೂರ್ತಿ ಕುಡಿದು, ಪಂಚೆಯ ತುದಿಯಿಂದ ಬಾಯಿ ಒರೆಸಿಕೊಂಡರು.

"ಬರೋ ಭಾನುವಾರ ನಿಮ್ಮಪ್ಪ ಮನೇಲಿರ್ತಾರಾ?"

"ಇರ್ತಾರೆ ಸರ್. ಇಲ್ಲಿಗೆ ಕರ್ಕೊಂಡ್ ಬರ್ಲಾ?"

"ಅವರು ಯಾಕೆ ಬರ್ಬೇಕು? ಹೆಣ್ಣಿನ ಕಡೆಯೋರು ನಾವು. ನಾವೇ ಮೊದಲು ಬಂದು ಕೇಳ್ಬೇಕು" ಎಂದರು ಮಾವ.