ಸೋತವನ ಮನೆಗೆ ಬಂದ ಗಡಿಯಾರದವರು

ನಮ್ಮ ಗಡಿಯಾರದವರ ಬಾಯಿಗೆ ಬೀಗವೇ ಇಲ್ಲ ಎಂದು ಬೀದಿಯವರೆಲ್ಲ ಹೇಳುತ್ತಾರೆ. ನಾನೂ ಹೇಳಿದ್ದೇನೆ, ಅವರಿಗೆ ಕೇಳುವ ಹಾಗೆಯೇ. ಆದರೆ ಆ ಬಾಯಿಯ ಋಣ ನನ್ನ ಮೇಲಿದೆ.

ಬೀದಿಯ ತಿರುವಿನಲ್ಲಿ ಅವರ ಗಡಿಯಾರ ರಿಪೇರಿ ಅಂಗಡಿ. ಮುಂದೆ ಗಾಜಿನ ಮೇಜು, ಹಿಂದೆ ಗೋಡೆ ತುಂಬ ಒಂದೊಂದೂ ಒಂದೊಂದು ಹೊತ್ತು ತೋರಿಸುವ ಗಡಿಯಾರಗಳು. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂದಲೆಳೆಯಂಥ ಸ್ಪ್ರಿಂಗ್ ಕೂರಿಸುತ್ತಲೇ ಊರ ಉಸಾಬರಿಯನ್ನೆಲ್ಲ ಮಾತಾಡಿ ಮುಗಿಸುತ್ತಾರೆ. ಎದುರಿನ ಪ್ರೆಸ್ಸಿನಲ್ಲಿ ನಮ್ಮಣ್ಣ ಬಣ್ಣದ ಮುದ್ರಣದ ಮಶಿನ್ ನಡೆಸುತ್ತಾನೆ.

ಅತ್ತಿಗೆ ತೀರಿಕೊಂಡ ಮೇಲೆ ಅಣ್ಣ ಮಾತು ಬಿಟ್ಟಿದ್ದ. ಊಟಕ್ಕೆ ಕರೆದರೆ "ಹೂಂ", ಇನ್ನಷ್ಟು ಬಡಿಸಲಾ ಎಂದರೆ "ಉಹೂಂ". ಅತ್ತಿಗೆಯ ಸುದ್ದಿಯನ್ನಂತೂ ಎತ್ತುತ್ತಲೇ ಇರಲಿಲ್ಲ. ಜೊತೆಗಿದ್ದ ನಾನು ಗೋಡೆಯ ಹತ್ತಿರ ಮಾತಾಡಿದ ಹಾಗೆ ಮಾತಾಡಿ ಮಾತಾಡಿ ಸೋತಿದ್ದೆ.

ಅಷ್ಟರಲ್ಲಿ ಸಿನಿಮಾದ ಹೊಸ ಡಿಸ್ಕ್‌ಗಳು ಬಂದವು, ಅದೂ ಎರಡು ಜಾತಿ. ಎಚ್‌ಡಿ ಡಿವಿಡಿಗೆ ಕೆಂಪು ಡಬ್ಬಿ, ಬ್ಲೂ-ರೇಗೆ ನೀಲಿ ಡಬ್ಬಿ. ಇದರ ಪ್ಲೇಯರಿನಲ್ಲಿ ಅದು ಓಡುವುದಿಲ್ಲ. ಅಣ್ಣ ಕೆಂಪು ಕೊಂಡ, ಗಡಿಯಾರದವರು ನೀಲಿ. ಅಲ್ಲಿಂದ ಇಬ್ಬರೂ ಎಣ್ಣೆ ಸೀಗೆಕಾಯಿ.

"ಎಷ್ಟು ತುಂಬಿದ್ರೂ ಹಿಡಿಯತ್ತೆ, ನಮ್ಮ ಡಿಸ್ಕ್ ಬಂಗಲೆ ಕಣೋ, ನಿಮ್ಮದು ಬಾಡಿಗೆ ಕೋಣೆ" ಎಂದು ಗಡಿಯಾರದವರು.

"ನಿನ್ನ ಪ್ಲೇಯರ್ ಶುರುವಾಗೋ ಹೊತ್ತಿಗೆ ನಾನು ಸ್ನಾನ ಮುಗಿಸಿ ಬರ್ತೀನಿ!" ಎಂದು ಅಣ್ಣ.

ನಮ್ಮಣ್ಣ! ಬಾಗಿಲ ಹಿಂದೆ ನಿಂತು ಕೇಳುತ್ತಿದ್ದ ನನ್ನ ಕಣ್ಣು ತುಂಬಿ ಬಂತು. ಈ ಡಬ್ಬಿಗಳ ಜಗಳ ನೂರು ವರ್ಷ ನಡೆಯಲಿ ಎಂದು ಹರಸಿದೆ.

ನಡೆಯಲಿಲ್ಲ. ಕೆಂಪು ಡಿಸ್ಕ್ ಇನ್ನು ತಯಾರಾಗುವುದಿಲ್ಲವೆಂದು ಸುದ್ದಿ ಬಂತು. ಕೆಂಪು ಪಕ್ಷದ ಸ್ನೇಹಿತರು ಒಬ್ಬೊಬ್ಬರಾಗಿ ಬಂದು, ಕುರ್ಚಿಯ ತುದಿಯಲ್ಲಿ ಕೂತು, "ಏನ್ ಮಾಡೋಕಾಗತ್ತೆ, ಹೋಗ್ಲಿ ಬಿಡಿ" ಎಂದರು. ಅತ್ತಿಗೆ ಹೋದಾಗಲೂ ಹಾಗೆಯೇ ಕೂತು ಅದೇ ಮಾತು ಹೇಳಿದ್ದರು. ಅಣ್ಣ "ಹೂಂ" ಎಂದ. ಪ್ಲೇಯರಿಗೆ ಬಟ್ಟೆ ಹೊದಿಸಿದ. ಈ ಸಲ ಮುಚ್ಚಿದ ಬಾಯಿ ಇನ್ನು ತೆರೆಯಲಾರದು ಎಂದು ನನ್ನ ಜೀವ ಬಾಯಿಗೆ ಬಂತು.

ಅಂಗಡಿಗೆ ಓಡಿದೆ. "ದಮ್ಮಯ್ಯ, ಅವನ ಮುಂದೆ ಡಿಸ್ಕಿನ ಮಾತು ಎತ್ತಬೇಡಿ" ಎಂದೆ.

ಗಡಿಯಾರದವರು ಭೂತಗನ್ನಡಿಯನ್ನೂ ತೆಗೆಯಲಿಲ್ಲ. "ನಾನೇ ಸೋತಿದ್ರೆ ಅವನು ನನ್ನ ಸುಮ್ನೆ ಬಿಡ್ತಿದ್ನಾ ತಂಗಿ?"

ಎಂಥ ಹಟದ ಮನುಷ್ಯ ಎಂದು ಬೈದುಕೊಂಡು ಬಂದೆ.

ಊರಿಗೊಂದು ದಾರಿಯಾದರೆ ಎಡವಟ್ಟನಿಗೊಂದು ದಾರಿ. ಭಾನುವಾರ ಮಧ್ಯಾಹ್ನ ಆಸಾಮಿ ನೀಲಿ ಪ್ಲೇಯರನ್ನು ಕಂಕುಳಲ್ಲಿ ಇಟ್ಟುಕೊಂಡು ಹಾಜರ್. "ಎಲ್ಲಿದಾನೆ ನಮ್ಮ ಜಟ್ಟಿ? ಜಾರಿ ಬಿದ್ದದ್ದಂತೂ ಆಯ್ತು, ಮೀಸೆ ಮಣ್ಣಾಯ್ತೋ ಇಲ್ವೋ ನೋಡೋಣ ಅಂತ ಬಂದೆ!"

ಲಟ್ಟಣಿಗೆ ನನ್ನ ಕೈಯಲ್ಲೇ ಇತ್ತು. ಎತ್ತಲಿಲ್ಲ, ಅಷ್ಟೆ.

ಅವರೇ ಬಟ್ಟೆ ಸರಿಸಿ, ಎರಡೂ ಪ್ಲೇಯರುಗಳನ್ನು ಟೀವಿಗೆ ಜೋಡಿಸಿ, ಒಂದೇ ಸಿನಿಮಾದ ಕೆಂಪು ಡಿಸ್ಕನ್ನು ಅದರಲ್ಲೊಮ್ಮೆ, ನೀಲಿಯದನ್ನು ಇದರಲ್ಲೊಮ್ಮೆ ಹಾಕಿದರು. ಪರದೆಯ ತುಂಬ ಸಮುದ್ರ. "ನೋಡು ನಿನ್ನ ಸಮುದ್ರ. ಬರೀ ಕೆಸರು ನೀರು!"

ದಿನವಿಡೀ ಬಣ್ಣದಲ್ಲೇ ಕೈಯಾಡಿಸುವವನಿಗೆ ಕೆಸರು ಎನ್ನುವುದೇ? ಅಣ್ಣ ಎದ್ದು ನಿಂತ. "ಗಾಜಿನ ತುಂಡಲ್ಲಿ ನೋಡಿ ನೋಡಿ ನಿನ್ನ ಕಣ್ಣೇ ಕೆಟ್ಟಿದೆ! ನಿನ್ನ ಸಮುದ್ರಕ್ಕೆ ಯಾರೋ ನೀಲಿ ಶಾಯಿ ಚೆಲ್ಲಿದಾರೆ!"

ಇಬ್ಬರೂ ಟೀವಿಗೆ ಮೂಗು ತಾಗಿಸಿಕೊಂಡು ಕಿರುಚಾಡಿದರು. ನಾನು ಕೊಟ್ಟ ಚಹ ಆರಿ ತಣ್ಣಗಾಯಿತು. ಕೊನೆಗೆ ಅಣ್ಣ ಮುಖ ಕೆಂಪಗೆ ಮಾಡಿಕೊಂಡು, "ನನ್ನವಳು ಇದ್ದಿದ್ರೆ ನಿನಗೆ ಸರಿಯಾಗಿ ಉಗೀತಿದ್ಲು ಕಣೋ!" ಎಂದುಬಿಟ್ಟ.

ಅತ್ತಿಗೆ ಹೋದ ಮೇಲೆ ಅವನ ಬಾಯಲ್ಲಿ ಅವಳ ಮಾತು ಬಂದದ್ದು ಅದೇ ಮೊದಲು.

ಗಡಿಯಾರದವರು ರಿಮೋಟನ್ನು ಕೆಳಗಿಟ್ಟರು. "ಉಗೀತಿದ್ರು. ಉಗಿದು, ಆಮೇಲೆ ಕೂರಿಸಿ ಊಟಾನೂ ಹಾಕ್ತಿದ್ರು."

ಅಣ್ಣ ನಕ್ಕ. ನಗುತ್ತಲೇ ಕಣ್ಣೊರೆಸಿಕೊಂಡ. ಆಮೇಲೆ ಯಾರೂ ಕೇಳದೆಯೇ, "ಮದುವೆಯಾದ ಹೊಸದರಲ್ಲಿ ಒಂದ್ಸಲ ಏನಾಯ್ತು ಗೊತ್ತಾ, ಅವಳು..." ಎಂದು ಶುರುಮಾಡಿದ. ನಾನು ಒಲೆ ಆರಿಸಿ ಬಂದು ಅವರ ಪಕ್ಕದಲ್ಲಿ ಕೂತೆ.